ಬ್ಯಾಕಪ್ ಇದೆ ಅಂತೀರಿ, ವಾಪಸ್ ತೆಗೆದು ನೋಡಿದ್ದೀರಾ?

ಮಂಡ್ಯದ ಬೆಲ್ಲದ ಮಂಡಿ, ಮೈಸೂರಿನ ಆಡಿಟರ್ ಆಫೀಸು, ಪತ್ರ ಬರಹಗಾರರ ಅಂಗಡಿ, ಎಲ್ಲಿ ಕೇಳಿದರೂ ಒಂದೇ ಉತ್ತರ: 'ಬ್ಯಾಕಪ್ ಇದೆ ಸಾರ್, ಡಿಸ್ಕಲ್ಲಿದೆ.' ಸರಿ, ಅದರಿಂದ ಒಂದು ಫೈಲ್ ತೆಗೆದು ತೋರಿಸಿ ಅಂದರೆ ಮಾತು ನಿಲ್ಲುತ್ತದೆ. ಡಿಸ್ಕ್ ತೆರೆಯುವುದೇ ಇಲ್ಲ, ತೆರೆದರೂ ಒಳಗಿರುವುದು ಹಳೇ ವರ್ಷದ ಲೆಕ್ಕ. ಇಂಥ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿ ಹೀಗೆ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ. ಹಾಗಾಗಿ ಇಲ್ಲಿ ಕಾಪಿ ಮಾಡುವುದಕ್ಕಿಂತ ವಾಪಸ್ ತೆಗೆಯುವುದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಹಂತ 1: ಏನೇನು ಉಳಿಸಬೇಕು ಅಂತ ಚೀಟಿ ಬರೆಯಿರಿ

ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಡೇಟಾ ಫೋಲ್ಡರ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲ್‌ಗಳು, ಡೌನ್‌ಲೋಡ್ಸ್ ಫೋಲ್ಡರ್, ಸ್ಕ್ಯಾನ್ ಮಾಡಿದ ದಾಖಲೆಗಳು. ಡಿಟಿಪಿ ಅಂಗಡಿಯವರು, ಪತ್ರ ಬರಹಗಾರರು ಫಾಂಟ್‌ಗಳನ್ನೂ ಚೀಟಿಗೆ ಸೇರಿಸಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಪೆನ್‌ಡ್ರೈವ್ ಥರ ಕಾಣುವ ಡಿಜಿಟಲ್ ಸಹಿಯ ಟೋಕನ್‌ಗೆ ಬ್ಯಾಕಪ್ ಇಲ್ಲ. ಅದರೊಳಗಿನ ಕೀ ಹೊರಗೆ ಬರುವುದಿಲ್ಲ. ಟೋಕನ್ ಕಳೆದರೆ ಹೊಸದೇ ಮಾಡಿಸಬೇಕು.

ಹಂತ 2: ಎರಡು ಡಿಸ್ಕ್ ತನ್ನಿ

ಒಂದು ಸಾಲದು, ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ಬೇಕು. ಸ್ಕೆಚ್ ಪೆನ್ನಲ್ಲಿ 'ಎ', 'ಬಿ' ಅಂತ ಬರೆಯಿರಿ. ಒಂದು ಆಫೀಸಿನ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲುಬದಲು ಮಾಡಿ. ಕಾಪಿ ಮುಗಿದ ತಕ್ಷಣ ಕೇಬಲ್ ಬಿಚ್ಚಿ. ಡಿಸ್ಕ್ ಸದಾ ಸಿಕ್ಕಿಸಿಯೇ ಇದ್ದರೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದ ದಿನ ಕಂಪ್ಯೂಟರ್ ಜೊತೆ ಅದಕ್ಕೂ ಬೀಗ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಇಂಥದ್ದೇ ತಂತ್ರಾಂಶ ಹರಡಿದ್ದು ವಿಂಡೋಸ್‌ನ ಫೈಲ್ ಶೇರಿಂಗ್ ದೋಷದ ಮೂಲಕ. ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಅದಕ್ಕೆ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂದಹಾಗೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಲೆಕ್ಕ ಬರೆಯುತ್ತಿದ್ದರೆ ಅದನ್ನೂ ನೋಡಿಕೊಳ್ಳಿ.

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ '2 ಟಿಬಿ ಪೆನ್‌ಡ್ರೈವ್' ಮಾತ್ರ ತರಬೇಡಿ. ಕಂಪ್ಯೂಟರ್ 2 ಟಿಬಿ ಅಂತಲೇ ತೋರಿಸುತ್ತದೆ, ಕಾಪಿಯೂ ಆಗುತ್ತದೆ. ಒಳಗೆ ನಿಜವಾಗಿ ಇರುವ ಜಾಗ ತುಂಬಿದ ಮೇಲೆ ಬಂದದ್ದೆಲ್ಲ ಹಾಳು. ಹೊಸ ಡ್ರೈವ್ ಮೇಲೆ ಅನುಮಾನ ಇದ್ದರೆ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಹಾಕಿ ಪೂರ್ತಿ ಬರೆಸಿ, ಓದಿಸಿ ನೋಡಿ.

ಹಂತ 3: ಕಾಪಿ ಮಾಡಿ

ತಾರೀಖಿನ ಹೆಸರಲ್ಲಿ ಹೊಸ ಫೋಲ್ಡರ್ ಮಾಡಿ, ಟ್ಯಾಲಿ ಮುಚ್ಚಿ, ಕಾಪಿ ಮಾಡಿ. ಅಷ್ಟೇ. ಹಳೆಯದರ ಮೇಲೆ ಬರೆಯಬೇಡಿ.

'ಗೂಗಲ್ ಡ್ರೈವ್ ಇದೆಯಲ್ಲ' ಅನ್ನುವವರಿಗೆ ಒಂದು ಮಾತು. ಸಿಂಕ್ (ಕಂಪ್ಯೂಟರ್‌ನಲ್ಲೂ ಡ್ರೈವ್‌ನಲ್ಲೂ ಒಂದೇ ಥರ ಇಡುವುದು) ಬೇರೆ, ಬ್ಯಾಕಪ್ ಬೇರೆ. ಸಿಂಕ್ ಆಗುವ ಫೋಲ್ಡರ್‌ನಲ್ಲಿ ಫೈಲ್ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮಾರ್ಚ್‌ನಲ್ಲಿ ಅಳಿಸಿದ್ದು ಜೂನ್‌ನಲ್ಲಿ ನೆನಪಾದರೆ ಏನು ಮಾಡುತ್ತೀರಿ? ಡಿಸ್ಕ್ ಜೊತೆಗೆ ಅದೂ ಇರಲಿ, ಅದೊಂದನ್ನೇ ನಂಬಬೇಡಿ.

ಹಂತ 4: ವಾಪಸ್ ತೆಗೆಯಿರಿ

ಇಲ್ಲೇ ಎಲ್ಲರೂ ಎಡವುವುದು. ನಿಧಾನವಾಗಿ ಮಾಡಿ.

ಕಾಪಿ ಮಾಡುವ ದಿನವೇ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡಿ: ಕೊನೆಯ ಬಿಲ್ ನಂಬರ್, ಯಾರಾದರೂ ಒಬ್ಬ ಗಿರಾಕಿಯ ಬಾಕಿ, ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಕಾಣುವ ಫೈಲ್‌ಗಳ ಸಂಖ್ಯೆ. ಈ ಹಾಳೆ ಇಲ್ಲದಿದ್ದರೆ ಬಂದದ್ದು ಸರಿಯಿದೆಯೋ ಇಲ್ಲವೋ ಅಂತ ಯಾವುದಕ್ಕೆ ತಾಳೆ ನೋಡುತ್ತೀರಿ?

ಪರೀಕ್ಷೆಗೆ ಬೇರೆ ಕಂಪ್ಯೂಟರೇ ಬೇಕು, ಅದರಲ್ಲಿ ರಾಜಿ ಬೇಡ. ಅದೇ ಕಂಪ್ಯೂಟರ್‌ನಲ್ಲಿ ಮಾಡಿದರೆ ಆಗುವುದು ಹೀಗೆ: 'ಇತ್ತೀಚಿನ ಫೈಲ್' ಪಟ್ಟಿಯಿಂದ ಎಕ್ಸೆಲ್ ಶೀಟ್ ತೆರೆಯುತ್ತೀರಿ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ತೆರೆದಿರುವುದು ಮೂಲ ಫೈಲ್. ಡಿಸ್ಕಿನದ್ದನ್ನು ನೀವು ಮುಟ್ಟಿಯೇ ಇಲ್ಲ. ಎಷ್ಟೋ ಆಫೀಸಿನಲ್ಲಿ 'ಟೆಸ್ಟ್ ಮಾಡಿದ್ವಿ' ಅಂದದ್ದು ಇದನ್ನೇ.

ಬೇರೆ ಕಂಪ್ಯೂಟರ್‌ಗೆ ಡಿಸ್ಕ್ ಸಿಕ್ಕಿಸಿ, ಮೊದಲು ಫೈಲ್‌ಗಳನ್ನು ಅದರೊಳಗೆ ಕಾಪಿ ಮಾಡಿಕೊಳ್ಳಿ. ನೇರ ಡಿಸ್ಕ್ ಮೇಲೇ ತೆರೆದರೆ ಕೈತಪ್ಪಿ ಸೇವ್ ಒತ್ತಿ ಬ್ಯಾಕಪ್ಪನ್ನೇ ಕೆಡಿಸುತ್ತೀರಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನದೇ ಬೀಗ) ಹಾಕಿದ್ದರೆ ಪಾಸ್‌ವರ್ಡ್ ಕೇಳುತ್ತದೆ. ಮರೆತರೆ 48 ಅಂಕಿಯ ರಿಕವರಿ ಕೀ ಬೇಕು. ಅದನ್ನು ಪ್ರಿಂಟ್ ತೆಗೆದು ಕಾಗದಪತ್ರಗಳ ಜೊತೆ ಇಡಿ. ಕೆಟ್ಟುಹೋದ ಕಂಪ್ಯೂಟರ್ ಒಳಗೇ ಇಟ್ಟ ಕೀ ಯಾರಿಗೆ ಉಪಯೋಗ?

ಟ್ಯಾಲಿಪ್ರೈಮ್‌ನ ಬ್ಯಾಕಪ್ ಆಯ್ಕೆಯಲ್ಲಿ ತೆಗೆದಿಟ್ಟದ್ದಾದರೆ ಆಲ್ಟ್ ಮತ್ತು ವೈ ಒತ್ತಿ ರಿಸ್ಟೋರ್‌ಗೆ ಹೋಗಿ. ಎಲ್ಲಿಗೆ ಹಾಕಬೇಕು ಅಂತ ಕೇಳಿದಾಗ ಹೊಸ ಖಾಲಿ ಫೋಲ್ಡರನ್ನೇ ತೋರಿಸಿ. ಅವಸರದಲ್ಲಿ ಎಂಟರ್ ಒತ್ತುತ್ತಾ ಹೋದರೆ, ಅಲ್ಲಿ ಅದೇ ಕಂಪನಿ ಇದ್ದರೆ ಇವತ್ತಿನ ಲೆಕ್ಕದ ಮೇಲೆ ಹಳೇ ಲೆಕ್ಕ ಕೂರುತ್ತದೆ. ಆ ಕಂಪ್ಯೂಟರ್‌ನ ಟ್ಯಾಲಿ ನಿಮ್ಮದಕ್ಕಿಂತ ಹಳೆ ಆವೃತ್ತಿಯದಾದರೆ ಡೇಟಾ ತೆರೆಯದು, ಮೊದಲೇ ನೋಡಿಕೊಳ್ಳಿ. ಕಂಪನಿ ತೆರೆದ ಮೇಲೆ ಹಾಳೆ ಹಿಡಿದು ಕೊನೆಯ ಬಿಲ್ ನಂಬರ್, ಬಾಕಿ ಎರಡೂ ತಾಳೆ ನೋಡಿ.

ಈಗ ಫಾಂಟ್ ವಿಷಯ. ಹಳೆ ನುಡಿಯಲ್ಲೋ ಬರಹದಲ್ಲೋ (ಎರಡೂ ಕನ್ನಡ ಟೈಪಿಂಗ್ ತಂತ್ರಾಂಶಗಳು) ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಕ್ರಯಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆಯಿರಿ. ಕನ್ನಡದ ಒಂದಕ್ಷರವೂ ಇರುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಗಾಬರಿಯಲ್ಲಿ ಅಳಿಸಬೇಡಿ. ಫಾಂಟ್ ಹಾಕಿದರೆ ಸರಿಹೋಗುತ್ತದೆ. ಮೊದಲನೇ ಹಂತದಲ್ಲಿ ಹೇಳಿದ್ದು ಇದಕ್ಕೇ.

ಪಿಡಿಎಫ್, ಫೋಟೋಗಳನ್ನು ಪಟ್ಟಿಯಲ್ಲಿ ನೋಡಿ ಬಿಡಬೇಡಿ. ಬೇರೆ ಬೇರೆ ಫೋಲ್ಡರ್‌ನಿಂದ ಒಂದೊಂದನ್ನು ತೆರೆದು ಕೊನೆಯ ಪುಟದವರೆಗೆ ಹೋಗಿ.

ಎಷ್ಟು ಹೊತ್ತಾಯಿತು ಅಂತಲೂ ಬರೆದಿಡಿ. ತಿಂಗಳ 20ಕ್ಕೆ ತೆರಿಗೆಯ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು, 19ರ ಸಂಜೆ ಕಂಪ್ಯೂಟರ್ ಕೈಕೊಟ್ಟಿತು ಅಂದುಕೊಳ್ಳಿ. ಅವತ್ತು ಈ ಲೆಕ್ಕ ಬೇಕೇ ಬೇಕು.

ಹಂತ 5: ಯಾವಾಗ

ಕಾಪಿ ವಾರಕ್ಕೊಮ್ಮೆ, ಬಿಲ್ ಜಾಸ್ತಿ ಇದ್ದರೆ ದಿನಾ. ವಾಪಸ್ ತೆಗೆಯುವ ಪರೀಕ್ಷೆ ಮೂರು ತಿಂಗಳಿಗೊಮ್ಮೆ. ಬೇರೆ ಬೇರೆ ಹುಡುಗರ ಕೈಲಿ ಮಾಡಿಸಿ, ಒಬ್ಬರಿಗೇ ಗೊತ್ತಿದ್ದರೆ ಅವರು ರಜೆ ಹಾಕಿದ ದಿನ ಕಷ್ಟ.

ನಿಜವಾಗಲೂ ದಾಳಿ ಆದರೆ

ಪರದೆ ಮೇಲೆ ದುಡ್ಡು ಕೇಳುವ ಸಂದೇಶ ಬಂದರೆ ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಆರಿಸಿ. ಸಂದೇಶದ ಫೋಟೋ ತೆಗೆದು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಫೀಸಿನ ಮಟ್ಟದ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನ ಇದೆ. ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರ್‌ಗೆ ಸಿಕ್ಕಿಸಲೇಬೇಡಿ, 'ಸುಮ್ನೆ ಒಂದ್ಸಲ ನೋಡೋಣ' ಅಂತಲೂ ಬೇಡ. ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ, ಅಪ್‌ಡೇಟ್ ಮುಗಿದ ಮೇಲೆ ಆಫೀಸಿನ ಡಿಸ್ಕ್ ತನ್ನಿ. ಅದರಿಂದ ಎಲ್ಲ ವಾಪಸ್ ಬಂದು ತಾಳೆಯಾಗುವವರೆಗೆ ಮನೆಯ ಡಿಸ್ಕ್ ಮನೆಯಲ್ಲೇ ಇರಲಿ.