ಗದರ್ ಪತ್ರಿಕೆಯ ಹಳೆಯ ಸಂಚಿಕೆಯನ್ನು ಓದುವ ಬಗೆ

ಗದರ್ ಎಂಬುದು ಭಾರತದಲ್ಲಿನ ಬ್ರಿಟಿಷ್ ಆಳ್ವಿಕೆಯನ್ನು ಕಿತ್ತೊಗೆಯಲೆಂದು ಅಮೆರಿಕದಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳು ಹೊರಡಿಸಿದ ಪತ್ರಿಕೆ. ಮೊದಲು ದಿನಾಂಕವನ್ನೂ ಲಿಪಿಯನ್ನೂ ಗುರುತು ಮಾಡಿಕೊಳ್ಳಿ: ಸ್ಯಾನ್ ಫ್ರಾನ್ಸಿಸ್ಕೊದಿಂದ 1913ರ ನವೆಂಬರ್ 1ರಂದು ಹೊರಟ ಮೊದಲ ಸಂಚಿಕೆ ಉರ್ದುವಿನದು, ಗುರುಮುಖಿ (ಪಂಜಾಬಿ ಲಿಪಿ) ಆವೃತ್ತಿ ಅನಂತರದ್ದು. ‘ಅಂಗ್ರೇಜಿ ರಾಜ್ ಕಾ ದುಶ್ಮನ್’ (ಇಂಗ್ಲಿಷರ ಆಳ್ವಿಕೆಯ ಶತ್ರು) ಎಂದು ತಲೆಯ ಮೇಲೆಯೇ ಅಚ್ಚುಹಾಕಿಕೊಂಡ ಪತ್ರಿಕೆಯಲ್ಲಿ ನಿಷ್ಪಕ್ಷಪಾತವನ್ನು ಹುಡುಕುವುದು ವ್ಯರ್ಥ.

ಬ್ರಿಟಿಷ್ ಆಡಳಿತದ ಮೇಲಿನ ಆರೋಪಗಳನ್ನು ಒಂದೊಂದಾಗಿ ಪಟ್ಟಿಮಾಡುತ್ತಿದ್ದ ‘ಕಚ್ಚಾ ಚಿಟ್ಠಾ’ ಅಂಕಣವನ್ನು ಮಾತ್ರ ಸಾವಧಾನವಾಗಿ ಓದಬೇಕು. ಅಲ್ಲಿನ ತೆರಿಗೆ, ಕ್ಷಾಮ, ಸೇನಾವೆಚ್ಚಗಳ ಲೆಕ್ಕವನ್ನು ಅಂದಿನ ಸರ್ಕಾರಿ ವರದಿಗಳೊಡನೆ ತಾಳೆ ನೋಡಿದರೆ, ದಾಖಲೆ ಎಲ್ಲಿ ಮುಗಿದು ಪ್ರಚಾರ ಎಲ್ಲಿ ಮೊದಲಾಗುತ್ತದೆಂಬುದು ತಿಳಿಯುತ್ತದೆ. ‘ಸಂಬಳ: ಸಾವು, ಪಿಂಚಣಿ: ಸ್ವಾತಂತ್ರ್ಯ’ ಎಂದು ಹೋರಾಟಕ್ಕೆ ಸೈನಿಕರನ್ನು ಕರೆದ ಜಾಹೀರಾತನ್ನೂ ಬಿಡಬೇಡಿ. ನೌಕರಿ ಪ್ರಕಟಣೆಯ ಒಣ ಧಾಟಿಯೇ ಅದರ ಜಾಣ್ಮೆ. ಭಾರತಕ್ಕೆ ಕದ್ದು ಬರುತ್ತಿದ್ದ ಪ್ರತಿಗಳು ಹಲವು ಬಾರಿ ಜಪ್ತಿಯಾದುದರಿಂದ, ಸಿಗದ ಸಂಚಿಕೆಗಳಿಗಾಗಿ ಬ್ರಿಟಿಷ್ ಗುಪ್ತಚರರ ಅನುವಾದಗಳನ್ನು, ಅವರ ಉದ್ದೇಶವನ್ನು ಮರೆಯದೆ, ಬಳಸಿಕೊಳ್ಳಿ.