ಕಾರಲ್ಲೋ, ವಿಮಾನದಲ್ಲೋ? ಟಿಕೆಟ್ ಬುಕ್ ಮಾಡುವ ಮೊದಲು ಈ ಲೆಕ್ಕ ಹಾಕಿ

ನಮ್ಮ ಭಾವ ಲೆಕ್ಕದಲ್ಲಿ ಜಾಣರು. ಬ್ಯಾಂಕಿನಲ್ಲಿ ಕೆಲಸ. ಆದರೂ ಎರಡು ವರ್ಷದ ಹಿಂದೆ ಮನೆಮಂದಿಯನ್ನೆಲ್ಲ ಗೋವಾಕ್ಕೆ ಕರೆದುಕೊಂಡು ಹೋಗಿ ಬಂದವರು ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಗಿದ್ದು ಇಷ್ಟೇ. ಟಿಕೆಟ್ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು ಅಂತ ಮೋಪಾ ವಿಮಾನ ನಿಲ್ದಾಣಕ್ಕೆ ಬುಕ್ ಮಾಡಿದ್ದರು. ರೂಮು ಪಾಲೋಲೆಮ್‌ನಲ್ಲಿ. ಒಂದು ಗೋವಾದ ಉತ್ತರದ ತುದಿ, ಇನ್ನೊಂದು ದಕ್ಷಿಣದ ತುದಿ. ನಡುವೆ ಸುಮಾರು ನೂರು ಕಿಲೋಮೀಟರ್. ಐದು ಜನ, ಏಳು ಬ್ಯಾಗು, ಎರಡು ಟ್ಯಾಕ್ಸಿ. ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲೇ ಕರಗಿತು, ಮೇಲೆ ಇನ್ನಷ್ಟು ಹೋಯಿತು.

ಮರುವರ್ಷ ಹಟಕ್ಕೆ ಬಿದ್ದು ಕಾರಿನಲ್ಲಿ ಹೊರಟರು. ರಾತ್ರಿ ಹತ್ತಕ್ಕೆ ಬಿಟ್ಟು, ಒಬ್ಬರೇ ಓಡಿಸಿಕೊಂಡು. ತಲುಪಿದ ಮೇಲೆ ಎರಡು ದಿನ ಮಲಗಿದ್ದೇ ಬಂತು. ಮಕ್ಕಳು ಸಮುದ್ರ ನೋಡಿದ್ದು ಅಕ್ಕನ ಜೊತೆ.

ಇಂಥದ್ದನ್ನು ನಮ್ಮ ಬೀದಿಯಲ್ಲೇ ನಾಲ್ಕೈದು ಮನೆಯಲ್ಲಿ ನೋಡಿದ್ದೇನೆ. ಎಲ್ಲರೂ ಮಾಡುವ ತಪ್ಪು ಒಂದೇ: ಒಂದು ಕಡೆ ಟಿಕೆಟ್ ದುಡ್ಡು, ಇನ್ನೊಂದು ಕಡೆ ಪೆಟ್ರೋಲ್ ದುಡ್ಡು ಇಟ್ಟು ತೂಗುವುದು. ತೂಗಬೇಕಾದ್ದು ನಿಮ್ಮ ಮನೆ ಬಾಗಿಲಿನಿಂದ ಅಲ್ಲಿನ ರೂಮಿನ ಬಾಗಿಲಿನವರೆಗಿನ ಖರ್ಚು, ಹೊತ್ತು, ಸುಸ್ತು. ಅದರ ಜೊತೆಗೆ ಅಲ್ಲಿಗೆ ಹೋದ ಮೇಲಿನ ಓಡಾಟವನ್ನೂ.

ಮೊದಲು ದೂರ ನೋಡಿ

ಇದು ಸುಲಭ. ಬೆಂಗಳೂರಿನಿಂದ 400 ಕಿಲೋಮೀಟರ್ ಒಳಗಿದ್ದರೆ ಯೋಚನೆಯೇ ಬೇಡ, ಕಾರು. ಸಾವಿರ ದಾಟಿದರೆ ವಿಮಾನ. ಜೈಪುರಕ್ಕೆ ಕಾರಿನಲ್ಲಿ ಹೋಗ್ತೀವಿ ಅನ್ನುವವರಿಗೆ ರಸ್ತೆಯೇ ಪ್ರವಾಸ, ಅವರ ವಿಷಯ ಬೇರೆ. ತಲೆ ಕೆಡುವುದು ನಡುವಿನ ಊರುಗಳಿಗೆ: ಗೋವಾ, ಹೈದರಾಬಾದ್, ಕನ್ಯಾಕುಮಾರಿ, ಪುಣೆ. ನಾನು ಗೋವಾವನ್ನೇ ಹಿಡಿದು ಹೇಳುತ್ತೇನೆ. ಹೋಗುವವರು ಜಾಸ್ತಿ, ಎಡವುವವರೂ ಜಾಸ್ತಿ.

(ರೈಲು ಯಾಕಿಲ್ಲ ಅಂತ ಕೇಳಬೇಡಿ. ಯಶವಂತಪುರದಿಂದ ವಾಸ್ಕೋಗೆ ರೈಲಿದೆ, ದೂಧ್‌ಸಾಗರ್ ಪಕ್ಕದಲ್ಲೇ ಹೋಗುತ್ತದೆ. ಟಿಕೆಟ್ ಸಿಕ್ಕಿದರೆ ಈ ಲೇಖನ ಇಲ್ಲಿಗೇ ಬಿಟ್ಟು ಅದರಲ್ಲಿ ಹೋಗಿ.)

ಆಮೇಲೆ ಹೊತ್ತಿನ ಲೆಕ್ಕ

"ವಿಮಾನ ಒಂದೂಕಾಲು ಗಂಟೆ, ಕಾರು ಹನ್ನೆರಡು ಗಂಟೆ" ಅನ್ನುತ್ತಾರೆ. ಆ ಒಂದೂಕಾಲು ಗಂಟೆ ಹಾರಾಟದ್ದು ಮಾತ್ರ.

ಬನಶಂಕರಿಯ ಒಂದು ಮನೆಯಿಂದ ಎಣಿಸೋಣ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆಯಿಂದ ಎರಡು ಗಂಟೆ. ಸಂಜೆಯಾದರೆ ಹೆಬ್ಬಾಳದ ದೇವರೇ ಗತಿ. ದೇಶದೊಳಗಿನ ವಿಮಾನಕ್ಕೆ ಲಗೇಜ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಮಕ್ಕಳು, ವಯಸ್ಸಾದವರು ಇದ್ದರೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದೂಕಾಲು ಗಂಟೆ. ಇಳಿದು, ಬ್ಯಾಗ್ ಬಂದು, ಹೊರಗೆ ಕಾಲಿಡಲು ಮುಕ್ಕಾಲು ಗಂಟೆ. ಅಲ್ಲಿಂದ ರೂಮಿಗೆ ಒಂದರಿಂದ ಒಂದೂವರೆ ಗಂಟೆ. ಒಟ್ಟು ಏಳು ಗಂಟೆ ಬಂತು. ವ್ಯತ್ಯಾಸ ಐದು ಗಂಟೆಯದು, ಹನ್ನೊಂದರದ್ದಲ್ಲ. ಅದರ ಮೇಲೆ ವಿಮಾನ ತಡವಾದರೆ ಇನ್ನೂ ಕಡಿಮೆ.

ನಿಮ್ಮ ಮನೆ ಯಲಹಂಕದಲ್ಲಿದ್ದರೆ ಲೆಕ್ಕ ವಿಮಾನದ ಕಡೆ ವಾಲುತ್ತದೆ. ನೆಲಮಂಗಲದಲ್ಲಿದ್ದರೆ ಕಾರಿನ ಕಡೆ. ದಾವಣಗೆರೆಯವರಾದರೆ ವಿಮಾನ ಹತ್ತಲು ಬೆಂಗಳೂರಿಗೆ ಬರಬೇಡಿ, ಅಷ್ಟು ಹೊತ್ತಿಗೆ ಕಾರು ಘಾಟಿ ಇಳಿದಿರುತ್ತದೆ.

ಗೋವಾದಲ್ಲಿ ವಿಮಾನ ನಿಲ್ದಾಣ ಎರಡು ಅನ್ನುವುದನ್ನು ಇಲ್ಲೇ ಬರೆದುಕೊಳ್ಳಿ. ಹಳೆಯದು ದಾಬೋಳಿ, ವಾಸ್ಕೋ ಹತ್ತಿರ. ಹೊಸದು ಮೋಪಾ, 2023ರ ಜನವರಿಯಲ್ಲಿ ವಿಮಾನ ಹಾರಾಟ ಶುರುವಾದದ್ದು, ಪೆರ್ನೆಮ್ ತಾಲ್ಲೂಕಿನಲ್ಲಿದೆ. ಅಂಜುನಾ, ಮೊರ್ಜಿಮ್ ಕಡೆ ರೂಮಾದರೆ ಮೋಪಾ. ಕೋಲ್ವಾ, ಪಾಲೋಲೆಮ್ ಆದರೆ ದಾಬೋಳಿ. ರೂಮು ಎಲ್ಲಿ ಅಂತ ಗಟ್ಟಿಯಾಗುವ ಮೊದಲು ಟಿಕೆಟ್ ಮುಟ್ಟಬೇಡಿ.

ದುಡ್ಡಿನ ಲೆಕ್ಕ: ಇಲ್ಲಿ ನಿಧಾನ

ಎಲ್ಲರೂ ಜಾರುವುದು ಇಲ್ಲೇ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ನಾನು ಅಕ್ಕನ ಮನೆಯನ್ನೇ ಇಟ್ಟುಕೊಂಡಿದ್ದೇನೆ: ಅಕ್ಕ, ಭಾವ, ಅಕ್ಕನ ಅತ್ತೆ, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು. ಐದು ದಿನದ ವಾಸ. ಅಂಕಿಗಳು ನಾನು ಅಂದಾಜಿಗೆ ಹಾಕಿದ್ದು, ನೀವು ನಿಮ್ಮ ದಿನದ ದರ ಹಾಕಿಕೊಳ್ಳಿ.

ವಿಮಾನದ ಸಾಲು. ರಜೆಯಲ್ಲಿ ಒಂದು ಸೀಟಿಗೆ ಒಂದು ಕಡೆಗೆ 4,500 ರೂಪಾಯಿ ಅಂತಿಟ್ಟುಕೊಳ್ಳೋಣ. ಐದು ಸೀಟು, ಹೋಗಿ ಬರಲು 45,000. ಮಗು ಚಿಕ್ಕದು, ಅರ್ಧ ಟಿಕೆಟ್ ಸಾಕು ಅಂತ ಅನೇಕರು ಅಂದುಕೊಂಡಿರುತ್ತಾರೆ. ಇದು ಬಸ್ಸಲ್ಲ. ಎರಡು ವರ್ಷ ತುಂಬಿದ ಮಗುವಿಗೆ ಸೀಟು ತೆಗೆದುಕೊಳ್ಳಲೇಬೇಕು. ಇನ್ನು ಐದು ಜನ, ಅಷ್ಟು ಬ್ಯಾಗು ಸಣ್ಣ ಕ್ಯಾಬಿನಲ್ಲಿ ಹಿಡಿಸುವುದಿಲ್ಲ, ದೊಡ್ಡ ಗಾಡಿ ಬೇಕು. ಇಲ್ಲಿ ಮನೆಯಿಂದ ನಿಲ್ದಾಣಕ್ಕೆ, ವಾಪಸ್ ಮನೆಗೆ, ಸೇರಿ 3,600.

ಈಗ ಯಾರೂ ಬರೆಯದ ಸಾಲು: ಗೋವಾದೊಳಗಿನ ಓಡಾಟ. ಅಲ್ಲಿ ಓಲಾ, ಊಬರ್ ಓಡುವುದಿಲ್ಲ. ಗೋವಾಮೈಲ್ಸ್ ಅನ್ನುವ ಆ್ಯಪ್ ಇದೆ, ಇಲ್ಲವಾದರೆ ಸ್ಟ್ಯಾಂಡಿನ ಟ್ಯಾಕ್ಸಿ. ಬೆಂಗಳೂರಿನ ದರ ತಲೆಯಲ್ಲಿಟ್ಟುಕೊಂಡು ಹೋದವರಿಗೆ ಎದೆ ಧಸಕ್ ಅನ್ನುತ್ತದೆ. ಗಂಡ ಹೆಂಡತಿ ಇಬ್ಬರೇ ಆದರೆ ಸ್ಕೂಟರ್ ಬಾಡಿಗೆಗೆ ಹಿಡಿದು ಆರಾಮಾಗಿ ಸುತ್ತಬಹುದು. ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗ್ತೀರಾ? ಕಾರು ಬಾಡಿಗೆ ಬೇಕೇ ಬೇಕು. ದಿನಕ್ಕೆ 2,500ರಂತೆ ಐದು ದಿನಕ್ಕೆ 12,500. ಅದಕ್ಕೆ ಪೆಟ್ರೋಲ್ 2,000. ಒಟ್ಟು 63,100.

ಬಾಡಿಗೆ ಕಾರಿನ ಬಗ್ಗೆ ಒಂದು ಮಾತು. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಅದೇ ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಯ ಗುರುತು. "ನಮ್ಮ ಸ್ವಂತ ಗಾಡಿ ಸಾರ್, ಕಡಿಮೆಗೆ ಕೊಡ್ತೀನಿ" ಅಂತ ಬಿಳಿ ಬೋರ್ಡಿನ ಕಾರು ಕೊಡಲು ಬರುತ್ತಾರೆ. ಬೇಡ. ಪೊಲೀಸರು ಹಿಡಿದರೆ ರಜೆಯ ಅರ್ಧ ದಿನ ಸ್ಟೇಷನ್ ಮುಂದೆ. ಕಾರು ತೆಗೆದುಕೊಳ್ಳುವಾಗ ಸುತ್ತಲೂ ವಿಡಿಯೊ ಮಾಡಿಕೊಳ್ಳಿ, ಟೈರಿನ ಹತ್ತಿರ, ಬಂಪರ್ ಕೆಳಗೆ ಕೂಡ. ಹಳೆಯ ಗೀರಿಗೆ ನಾನು ಒಮ್ಮೆ ದುಡ್ಡು ತೆತ್ತಿದ್ದೇನೆ.

ಈಗ ಕಾರಿನ ಸಾಲು. ಹೋಗಿ ಬರಲು 1,200, ಅಲ್ಲಿ ಸುತ್ತಲು 300, ಒಟ್ಟು 1,500 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಅಂದರೆ 100 ಲೀಟರ್, ಸುಮಾರು 10,300 ರೂಪಾಯಿ. ಮೈಲೇಜ್ ಅಂದರೆ ಶೋರೂಮಿನಲ್ಲಿ ಹೇಳಿದ್ದಲ್ಲ. ಐದು ಜನ, ತುಂಬಿದ ಡಿಕ್ಕಿ, ಎ.ಸಿ. ಹಾಕಿಕೊಂಡು ನಿಮ್ಮ ಕಾರು ಕೊಡುವುದು. ಟೋಲ್ 2,000. ಹೋಗುವಾಗ ಬರುವಾಗ ಹುಬ್ಬಳ್ಳಿಯಲ್ಲಿ ಒಂದೊಂದು ರಾತ್ರಿ, ಎರಡು ರೂಮು, 10,000. ದಾರಿಯ ಊಟ ತಿಂಡಿ 4,000. ಕೊನೆಯದಾಗಿ ಸವಕಳಿ: ಟೈರು, ಆಯಿಲು, ಸರ್ವೀಸು. ಇದು ಆ ದಿನ ಜೇಬಿನಿಂದ ಹೋಗುವುದಿಲ್ಲ, ಹಾಗಾಗಿ ಮರೆತುಬಿಡುತ್ತೇವೆ. ಕಿಲೋಮೀಟರಿಗೆ 4 ರೂಪಾಯಿಯಂತೆ 6,000 ಹಾಕಿ. ಒಟ್ಟು 32,300.

ಅಕ್ಕನ ಮನೆಗೆ ಕಾರು ಅರ್ಧ ಬೆಲೆ. ಇದೇ ಲೆಕ್ಕವನ್ನು ನನಗೂ ನನ್ನ ಹೆಂಡತಿಗೂ ಹಾಕಿದೆ. ವಿಮಾನ 18,000, ಇಲ್ಲಿನ ಸಣ್ಣ ಕ್ಯಾಬು 2,400, ಸ್ಕೂಟರ್ ಪೆಟ್ರೋಲ್ ಸೇರಿ 2,500, ಗೋವಾ ನಿಲ್ದಾಣದಿಂದ ಬಸ್ಸು. ಹತ್ತಿರ ಹತ್ತಿರ 23,000. ಕಾರಿನಲ್ಲಿ ಹೋದರೆ ಒಂದೊಂದೇ ರೂಮು, ಊಟಕ್ಕೆ ಅರ್ಧ ಅಂದುಕೊಂಡರೂ 25,000 ದಾಟುತ್ತದೆ. ಊರು ಅದೇ, ದೂರ ಅದೇ, ಉತ್ತರ ಉಲ್ಟಾ. ಪೆಟ್ರೋಲ್ ತಲೆ ಎಣಿಸುವುದಿಲ್ಲ, ಟಿಕೆಟ್ ಎಣಿಸುತ್ತದೆ. ನನ್ನ ಪ್ರಕಾರ ಮೂರು ಸೀಟಿನವರೆಗೆ ವಿಮಾನ ನೋಡಿ, ನಾಲ್ಕು ಆದ ಮೇಲೆ ಕಾರು ನೋಡಿ.

ಓಡಿಸುವವರು ಎಷ್ಟು ಜನ?

ದುಡ್ಡಿನ ಲೆಕ್ಕ ಕಾರು ಅಂದರೂ ಈ ಪ್ರಶ್ನೆಗೆ ಉತ್ತರ "ಒಬ್ಬರೇ" ಆದರೆ ಮತ್ತೆ ಯೋಚಿಸಿ. ಒಬ್ಬರಿಗೆ ದಿನಕ್ಕೆ 400 ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಬೆಂಗಳೂರಿನಿಂದ ಹುಬ್ಬಳ್ಳಿ ಹತ್ತಿರ ಹತ್ತಿರ ಅಷ್ಟೇ ದೂರ. ಅದಕ್ಕೇ ಮೇಲೆ ಅಲ್ಲಿ ರೂಮು ಹಾಕಿದ್ದು. ಬೆಳಿಗ್ಗೆ ಐದಕ್ಕೆ ಹೊರಟರೆ ಚಿತ್ರದುರ್ಗದಲ್ಲಿ ತಿಂಡಿ. ದಾವಣಗೆರೆವರೆಗೆ ತಡೆದುಕೊಂಡರೆ ಬೆಣ್ಣೆ ದೋಸೆ. ಮಧ್ಯಾಹ್ನಕ್ಕೆ ಹುಬ್ಬಳ್ಳಿ ಮುಟ್ಟಿ, ಮಲಗಿ, ಸಂಜೆ ಉಣಕಲ್ ಕೆರೆಯ ಹತ್ತಿರ ಒಂದು ಸುತ್ತು ಹಾಕಿ. ಮರುದಿನ ಹಗಲು ಬೆಳಕಿನಲ್ಲಿ ಘಾಟಿ ಇಳಿಯಿರಿ.

"ರಾತ್ರಿ ಹೊರಟರೆ ಟ್ರಾಫಿಕ್ ಇರಲ್ಲ, ಮಕ್ಕಳು ಮಲಗಿರ್ತವೆ, ಒಂದು ದಿನ ಉಳಿಯುತ್ತೆ" ಅನ್ನುವ ಉಪಾಯ ನನಗೆ ಸುತರಾಂ ಆಗದು. ಮಕ್ಕಳಿಗೆ ನಿದ್ದೆ ಬರುವ ಹೊತ್ತಿಗೆ ನಿಮಗೂ ಬರುತ್ತದೆ. ಹಗಲಾದ ಮಾತ್ರಕ್ಕೆ ಎಚ್ಚರ ತಪ್ಪುವ ಹಾಗೂ ಇಲ್ಲ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರ ಟೆಂಪೊ ಟ್ರಾವೆಲರ್ ಧಾರವಾಡದ ಬೈಪಾಸಿನಲ್ಲಿ ಟಿಪ್ಪರಿಗೆ ಡಿಕ್ಕಿಯಾದದ್ದು 2021ರ ಜನವರಿಯ ಒಂದು ಬೆಳಿಗ್ಗೆ.

ದಾರಿ ಯಾವುದು ಅನ್ನುವುದೂ ರೂಮಿನ ಮೇಲೆ ನಿಂತಿದೆ. ದಕ್ಷಿಣ ಗೋವಾಕ್ಕೆ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ, ಕಾರವಾರ. ಪಣಜಿ ಕಡೆಗೆ ಅನಮೋಡ್ ಇಲ್ಲವೇ ಬೆಳಗಾವಿಯ ಚೋರ್ಲಾ ಘಾಟಿ. ಮಳೆಗಾಲದಲ್ಲಿ ಮಾತ್ರ ಇದನ್ನೆಲ್ಲ ಮರೆತು ವಿಮಾನ ಹತ್ತಿ. ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು 2024ರ ಜುಲೈನಲ್ಲಿ. ಅದೇ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು.

ಕಾರು ಅಂತ ಆದರೆ

ಟೈರಿನ ಗಾಳಿ, ಸ್ಟೆಪ್ನಿ, ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡಿಕೊಳ್ಳಿ. ವರ್ಷಕ್ಕೆ ಎರಡು ಮೂರು ಸಲ ದೂರ ಹೋಗುವವರಾದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಬಹುದು. 2025ರ ಆಗಸ್ಟ್ 15ರಿಂದ ಬಂದದ್ದು, ಆಗ ಬೆಲೆ 3,000 ರೂಪಾಯಿ ಇತ್ತು; 200 ಸಲ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಮಾತ್ರ.

ಹಿಂದಿನ ಸೀಟಿಗೆ ಹಾಸುವ ಗಾಳಿ ತುಂಬುವ ಹಾಸಿಗೆ ಅಂತ ಒಂದು ಮಾರುತ್ತಾರೆ. ಮಕ್ಕಳು ಕಾಲು ಚಾಚಿ ಮಲಗಬಹುದಂತೆ. ಅದರ ಮೇಲೆ ಬೆಲ್ಟ್ ಹಾಕುವ ಹಾಗಿಲ್ಲ. ಗಟ್ಟಿ ಬ್ರೇಕ್ ಹಾಕಿದರೆ ಮಗು ನೇರ ಮುಂದಿನ ಸೀಟಿಗೆ. ನಮ್ಮ ಭಾವ ತಂದಿದ್ದರು, ಈಗ ಅದು ಅವರ ಮನೆಯಲ್ಲಿ ನೆಂಟರ ಹಾಸಿಗೆ. ಬೆಲ್ಟ್ ಹಾಕದಿದ್ದರೂ ಸದ್ದು ಬರದಂತೆ ಸಿಕ್ಕಿಸುವ ಕ್ಲಿಪ್ಪೂ ಅಷ್ಟೇ, ಕಸದ ಬುಟ್ಟಿಗೆ ಹಾಕಿ.

ವಿಮಾನ ಅಂತ ಆದರೆ

ಎಲ್ಲರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಮಾಡಿ. ಕೂಪನ್ ಆಸೆಗೆ ಮೂರು ಎರಡು ಅಂತ ಒಡೆದರೆ ಮಕ್ಕಳೊಂದು ಕಡೆ, ನೀವೊಂದು ಕಡೆ. ಒಂದೇ ಪಿಎನ್‌ಆರ್ ಇದ್ದರೆ 12 ವರ್ಷದವರೆಗಿನ ಮಕ್ಕಳನ್ನು ಅಪ್ಪ ಅಮ್ಮಂದಿರಲ್ಲಿ ಒಬ್ಬರ ಪಕ್ಕ ಕೂರಿಸಬೇಕು ಅಂತ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲೇ ಹೇಳಿದೆ. ಅಜ್ಜಿಗೆ ಗಾಲಿಕುರ್ಚಿ ಬೇಕಾದರೆ ಬುಕ್ ಮಾಡುವಾಗಲೇ ಕೇಳಿ. ಪವರ್ ಬ್ಯಾಂಕ್ ಕೈಚೀಲದಲ್ಲಿ. ಕೊಬ್ಬರಿ ಎಲ್ಲಿಯೂ ಇಡಬೇಡಿ. ಅದರಲ್ಲಿ ಎಣ್ಣೆ ಇರುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ ಅಂತ ಬಿಡುವುದಿಲ್ಲ.

ಎರಡೂ ಆಗಬಹುದು

ಈ ಡಿಸೆಂಬರಿನಲ್ಲಿ ಅಕ್ಕನ ಮನೆಯವರು ಮಾಡಿದ್ದು ಇದು. ಅತ್ತೆಗೆ ಮಂಡಿನೋವು, ಸಣ್ಣವನಿಗೆ ಘಾಟಿಯಲ್ಲಿ ವಾಂತಿ. ಅವರಿಬ್ಬರ ಜೊತೆ ಅಕ್ಕ ದಾಬೋಳಿಗೆ ಹಾರಿದಳು. ಭಾವ, ದೊಡ್ಡ ಮಗಳು, ಓಡಿಸಲು ಜೊತೆಗೊಬ್ಬನಾಗಿ ನಾನು, ಕಾರಿನಲ್ಲಿ ಒಂದು ದಿನ ಮೊದಲೇ ಬಿಟ್ಟೆವು. ಐದರ ಬದಲು ಮೂರೇ ಟಿಕೆಟ್. ಬಾಡಿಗೆ ಕಾರು ಬೇಕಾಗಲಿಲ್ಲ. ನಿಲ್ದಾಣದ ಬಾಗಿಲಲ್ಲಿ ನಮ್ಮದೇ ಕಾರು ನಿಂತಿತ್ತು.

ಹೀಗೆ ಮಾಡುವುದಾದರೆ ರೂಮಿನ ಬುಕಿಂಗ್ ಕಾರಿನಲ್ಲಿ ಹೋಗುವವರ ಹೆಸರಿನಲ್ಲಿರಲಿ, ಮೊದಲು ಮುಟ್ಟುವವರು ಅವರೇ. ಅತ್ತೆಯ ಮಾತ್ರೆ ಡಬ್ಬಿ ಮಾತ್ರ ಅತ್ತೆಯ ಕೈಯಲ್ಲೇ ಇರಲಿ. ನಾವು ಅದನ್ನು ಕಾರಿಗೆ ಹಾಕಿಕೊಂಡು ಹೋಗಿದ್ದೆವು. ಅಕ್ಕನ ಫೋನ್ ಬಂದಾಗ ರಾಣೆಬೆನ್ನೂರು ದಾಟಿ ಆಗಿತ್ತು.