ಹೊಸ ಫೋನ್ ಬೇಕಾ? ಮೊದಲು ಹಳೇ ಫೋನ್ ಮೇಜಿನ ಮೇಲಿಡಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹೊಸ ಫೋನ್ ನಾನು ಮಾರುವುದಿಲ್ಲ. ಅದಕ್ಕೇ ಇರಬೇಕು, ದಿನಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ, "ಮಾರಾಯ, ಯಾವ ಫೋನ್ ತಗೊಳ್ಳಲಿ?"

ನಾನು ಹೆಸರು ಹೇಳುವುದಿಲ್ಲ. "ಹಳೇ ಫೋನ್ ಕೊಡಿ ಇಲ್ಲಿ" ಅನ್ನುತ್ತೇನೆ. ಅದು ಯಾಕೆ ಕೈಕೊಟ್ಟಿತು ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಜಾಹೀರಾತಿನಲ್ಲಿ ಕ್ಯಾಮೆರಾ ಮೊದಲು ಬರುತ್ತದೆ. ಆದರೆ ಕ್ಯಾಮೆರಾ ಕೆಟ್ಟಿದೆ ಅಂತ ನನ್ನ ಮೇಜಿಗೆ ಬರುವ ಫೋನ್ ತಿಂಗಳಿಗೆ ಒಂದೋ ಎರಡೋ. ಉಳಿದದ್ದೆಲ್ಲ ಒಡೆದ ಡಿಸ್‌ಪ್ಲೇ, ಸೋತ ಬ್ಯಾಟರಿ, ಹಾಳಾದ ಚಾರ್ಜಿಂಗ್ ಪೋರ್ಟ್, ತುಂಬಿಹೋದ ಸ್ಟೋರೇಜ್.

ಹೋದ ಮಳೆಗಾಲದಲ್ಲಿ ನನ್ನ ಸೋದರತ್ತೆ ಫೋನ್ ಹಿಡಿದುಕೊಂಡು ಬಂದರು. "ಭಾರೀ ಸ್ಲೋ ಆಗಿದೆ ಮಗಾ, ಹೊಸದು ತಗೋತೀನಿ" ಅಂದರು. ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ತೆಗೆದೆ. 64 ಜಿಬಿ ಫೋನು. ಅದರಲ್ಲಿ ಸಿಸ್ಟಮ್ಮೇ ಸುಮಾರು 20 ಜಿಬಿ ತಿಂದಿತ್ತು. ವಾಟ್ಸಾಪ್ ಒಂದೇ 31 ಜಿಬಿ. ಅಳಿಸಲಾ ಅಂತ ಕೇಳಿದರೆ ಬೇಡವೇ ಬೇಡ ಅಂದರು. ಮೈಸೂರಿನಲ್ಲಿರುವ ಮೊಮ್ಮಗಳು ಮೊದಲ ಸಲ ನಡೆದಿದ್ದು, ಬಿದ್ದಿದ್ದು, ಅಜ್ಜಿ ಅಂತ ಕರೆದಿದ್ದು ಎಲ್ಲ ಅದರಲ್ಲೇ ಇತ್ತು. ಅವರಿಗೆ ಬೇಕಾಗಿದ್ದು ವೇಗದ ಫೋನಲ್ಲ, ಜಾಗ ಇರುವ ಫೋನ್. ಸ್ಟೋರೇಜ್ ಪೂರ್ತಿ ತುಂಬಿದರೆ ಎಂಥ ಫೋನೂ ಎಳೆದಾಡುತ್ತದೆ. ಹಾಗಾಗಿ ಈಗ 128 ಜಿಬಿಗಿಂತ ಕಡಿಮೆ ಬೇಡ. ಮನೆಯವರ ಫೋಟೋ, ವಿಡಿಯೋ ಜಾಸ್ತಿ ಇಟ್ಟುಕೊಳ್ಳುವವರು 256ಕ್ಕೇ ಹೋಗಿ. ಮೆಮೊರಿ ಕಾರ್ಡ್ ಹಾಕಬಹುದು ಅಂತ ಅಂಗಡಿಯಲ್ಲಿ ಹೇಳಿದರೆ ಸಿಮ್ ಟ್ರೇ ತೆಗೆಸಿ ನೋಡಿ. ಕೆಲವದರಲ್ಲಿ ಕಾರ್ಡ್ ಹಾಕಿದರೆ ಎರಡನೇ ಸಿಮ್‌ಗೆ ಜಾಗ ಇರುವುದಿಲ್ಲ.

ರ್‍ಯಾಮ್ ವಿಷಯದಲ್ಲಿ ಒಂದು ಮಾತು. ತೆರೆದಿಟ್ಟ ಆ್ಯಪ್‌ಗಳು ಓಡುವ ಜಾಗ ಅದು. ಬಾಕ್ಸಿನ ಮೇಲೆ "8+8 ಜಿಬಿ" ಅಂತ ಇರುತ್ತದೆ. ನಿಜವಾದ ರ್‍ಯಾಮ್ ಮೊದಲಿನ 8 ಮಾತ್ರ. ಎರಡನೆಯದು ಸ್ಟೋರೇಜಿನಿಂದ ಕಡ ತಂದದ್ದು, ಅದು ನಿಧಾನ. ಎರಡನ್ನೂ ಕೂಡಿಸಿ 16 ಅಂದುಕೊಂಡು ದುಡ್ಡು ಕೊಡಬೇಡಿ.

ಇನ್ನು ಸಿಗ್ನಲ್. ನಮ್ಮ ಮಲೆನಾಡಿನವರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಆದರೂ ಅಂಗಡಿಯಲ್ಲಿ ಇದನ್ನು ಕೇಳುವವರೇ ಇಲ್ಲ. ಗುಡ್ಡದ ಬುಡದಲ್ಲಿ ಮನೆ, ಸುತ್ತ ಅಡಿಕೆ ತೋಟ. ಮಾತಾಡಬೇಕೆಂದರೆ ದರೆ, ಅಂದರೆ ಮನೆ ಪಕ್ಕದ ಮಣ್ಣಿನ ದಿಬ್ಬ, ಹತ್ತಬೇಕು. ಇಂಥ ಕಡೆ ಫೋನ್ ಆರಿಸುವ ಮೊದಲು ಸಿಮ್ ಆರಿಸಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರನ್ನೋ ಅಕ್ಕಪಕ್ಕದವರನ್ನೋ ಮನೆಗೆ ಕರೆದು, ಅಡುಗೆಮನೆಯಿಂದ, ಕೊಟ್ಟಿಗೆಯಿಂದ ಕಾಲ್ ಮಾಡಿಸಿ ನೋಡಿ. ಆಮೇಲೆ ಆ ಕಂಪನಿ ಬಳಸುವ ಬ್ಯಾಂಡ್, ಅಂದರೆ ಸಿಗ್ನಲ್ ಬರುವ ತರಂಗಗಳ ಶ್ರೇಣಿ, ನಿಮ್ಮ ಫೋನಿನಲ್ಲಿ ಇದೆಯಾ ಅಂತ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಹುಡುಕಿ. ಉದಾಹರಣೆಗೆ ಜಿಯೋ 5ಜಿ ಬೇಕಿದ್ದರೆ ಎನ್28 ಮತ್ತು ಎನ್78 ಎರಡೂ ಇರಲಿ. ಎನ್28 ಅಂದರೆ 700 ಮೆಗಾಹರ್ಟ್ಸ್. ಅದು ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ.

ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಇರುವ ಫೋನನ್ನೇ ತಗೊಳ್ಳಿ. ಟವರ್ ಸಿಗದಿದ್ದರೂ ವೈಫೈ ಮೇಲೆ ಮಾಮೂಲಿ ನಂಬರಿಗೇ ಕಾಲ್ ಬರುತ್ತದೆ, ಹೋಗುತ್ತದೆ. ಬೇರೆ ಆ್ಯಪ್ ಬೇಡ. ಎಲ್ಲ ಫೋನಿಗೂ ಎಲ್ಲ ಕಂಪನಿಯ ಸಿಮ್‌ನಲ್ಲಿ ಇದು ನಡೆಯುವುದಿಲ್ಲ. ಹಾಗಾಗಿ ನಿಮ್ಮ ಮಾಡೆಲ್ ಹೆಸರು ಹೇಳಿ ಸಿಮ್ ಕಂಪನಿಯವರನ್ನೇ ಮೊದಲು ಕೇಳಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಕೊಡೆ ಹಿಡಿದು ದರೆ ಹತ್ತಿ ಡಾಕ್ಟರಿಗೆ ಫೋನ್ ಮಾಡಿದವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ವೈಫೈ ಇತ್ತು. ಅವರ ಫೋನಿನಲ್ಲಿ ಈ ಸೌಲಭ್ಯವೂ ಇತ್ತು, ಯಾರೂ ಆನ್ ಮಾಡಿಕೊಟ್ಟಿರಲಿಲ್ಲ.

ಸಿಗ್ನಲ್‌ಗೂ ಬ್ಯಾಟರಿಗೂ ನಂಟಿದೆ. ಸಿಗ್ನಲ್ ಸಣ್ಣಗಿದ್ದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಟವರ್ ಹುಡುಕುತ್ತಿರುತ್ತದೆ. ಹೀಗಾಗಿ ಪೇಟೆಯಲ್ಲಿ ಒಂದೂವರೆ ದಿನ ಬರುವ ಬ್ಯಾಟರಿ ಇಲ್ಲಿ ಸಂಜೆಗೇ ಮಲಗುತ್ತದೆ. ಬ್ಯಾಟರಿಯ ಅಳತೆ 5000 ಎಂಎಎಚ್ ಇರಲೇಬೇಕು. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಎರಡು ದಿನ ಇರುವುದಿಲ್ಲ, ಬಂದರೂ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಎಷ್ಟು ತುಂಬುತ್ತದೆ ಅನ್ನುವುದು ಮುಖ್ಯ ಅಲ್ವಾ? ಅದಕ್ಕೇ ಫಾಸ್ಟ್ ಚಾರ್ಜಿಂಗ್ ನೋಡಿ. ಬಾಕ್ಸಿನಲ್ಲಿ ಚಾರ್ಜರ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ಈಗ ಎಷ್ಟೋ ಫೋನಿಗೆ ಬರೀ ಕೇಬಲ್ ಕೊಡುತ್ತಾರೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಸಮಯ ಬಂತೆಂದರೆ ನನ್ನ ಮೇಜಿನ ಮೇಲೆ ಒಂದೇ ಬಗೆಯ ಫೋನ್‌ಗಳು. ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿರುತ್ತಾರೆ. ಆ ಔಷಧಿಯ ಮೈಲುತುತ್ತ, ಸುಣ್ಣದ ನೀರು ಸಿಡಿದಿರುತ್ತದೆ. ಲೆನ್ಸ್ ಇಟ್ಟು ಚಾರ್ಜಿಂಗ್ ಪೋರ್ಟ್ ಒಳಗೆ ನೋಡಿದರೆ, ಸಾಲಾಗಿ ಹೊಳೆಯಬೇಕಾದ ಸಣ್ಣ ಪಿನ್‌ಗಳ ಮೇಲೆ ಹಸಿರು ಕಿಲುಬು. ಹಳೇ ತಾಮ್ರದ ಚೊಂಬಿನ ತಳದಲ್ಲಿ ಹಿಡಿದಿರುತ್ತದಲ್ಲ, ಅದೇ ಬಣ್ಣ. ಧೂಳು, ನೀರನ್ನು ಫೋನ್ ಎಷ್ಟು ತಡೆಯುತ್ತದೆ ಅಂತ ಹೇಳುವುದು ಐಪಿ ನಂಬರ್. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಐಪಿ68 ಅದಕ್ಕಿಂತ ಮೇಲು, ಎಷ್ಟು ಅನ್ನುವುದನ್ನು ಕಂಪನಿ ಹೇಳಿರುತ್ತದೆ. ಐಪಿ54 ಬರೀ ಎರಚಲಿಗೆ. ಆದರೆ ಈ ಪರೀಕ್ಷೆ ಎಲ್ಲ ಶುದ್ಧ ನೀರಿನಲ್ಲಿ ನಡೆಯುವುದು, ಔಷಧಿ ನೀರಿನಲ್ಲಿ ಅಲ್ಲ. ನೀರು ಹೋದದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಒಂದು ಸಲ ಬಿಚ್ಚಿ ಡಿಸ್‌ಪ್ಲೇ ಹಾಕಿದ ಮೇಲೆ ನೀರು ತಡೆಯುವ ಬಿಗಿಯನ್ನೂ ನಂಬಬೇಡಿ. ತೋಟಕ್ಕೆ ಹೋಗುವವರು ಐಪಿ ನಂಬರ್ ನೋಡಿಯೇ ತಗೊಳ್ಳಿ, ಜೊತೆಗೆ ಒಂದು ಪ್ಲಾಸ್ಟಿಕ್ ಕವರೂ ಇರಲಿ. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿ ಧೂಳು ಪೋರ್ಟ್ ಒಳಗೆ ಸೇರುತ್ತದೆ. ಆಫ್ ಮಾಡಿ, ಒರೆಸಿ, ಗಾಳಿಗಿಡಿ. ಪೂರ್ತಿ ಒಣಗದೆ ಚಾರ್ಜ್‌ಗೆ ಹಾಕಲೇಬೇಡಿ.

ತಗೊಳ್ಳುವ ಮೊದಲು ಒಂದು ಕೆಲಸ ಮಾಡಿ. ಆ ಮಾಡೆಲ್ ಹೆಸರು ಹೇಳಿ ನಿಮ್ಮೂರಿನ ರಿಪೇರಿಯವರ ಹತ್ತಿರ ಡಿಸ್‌ಪ್ಲೇ ಎಷ್ಟಾಗುತ್ತದೆ ಅಂತ ಕೇಳಿ. ಅಂಚು ಬಾಗಿದ ಅಮೋಲೆಡ್ ಪರದೆ ನೋಡಲು ಬಹಳ ಚಂದ. ಒಡೆದರೆ ಮಾಮೂಲಿ ಎಲ್‌ಸಿಡಿಯ ಮೂರ್ನಾಲ್ಕು ಪಟ್ಟು ಖರ್ಚು ಬರುವುದುಂಟು. ಕೈಯಿಂದ ಪದೇ ಪದೇ ಜಾರಿಸುವವರಿಗೆ, ಮಕ್ಕಳಿರುವ ಮನೆಗೆ ಚಪ್ಪಟೆ ಪರದೆಯೇ ಒಳ್ಳೆಯದು.

ಅಪ್‌ಡೇಟ್ ಬಗ್ಗೆ ಕೇಳುವವರು ಕಡಿಮೆ. ಆದರೆ ಬ್ಯಾಂಕಿನ ಆ್ಯಪ್ ಬಳಸುವ ಎಲ್ಲರಿಗೂ ಇದು ಬೇಕು. ಆಂಡ್ರಾಯ್ಡ್ ತೀರಾ ಹಳೆಯದಾದರೆ ಆ ಆ್ಯಪ್‌ಗಳು ಒಂದು ದಿನ ತೆರೆಯುವುದೇ ಇಲ್ಲ. 2023ರ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷ ಅಪ್‌ಡೇಟ್ ಅಂತ ಹೇಳಿತು. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೂ ಸ್ಯಾಮ್‌ಸಂಗ್ 6 ವರ್ಷ ಕೊಟ್ಟಿದೆ. ಒಂದು ಲೆಕ್ಕ ನೆನಪಿಡಿ. ಈ ವರ್ಷಗಳು ಶುರುವಾಗುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ತಗೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೇ ಮಾಡೆಲ್ ಆಫರ್‌ನಲ್ಲಿ ಸಿಕ್ಕಿದರೆ ಎರಡು ವರ್ಷ ಆಗಲೇ ಕಳೆದಿದೆ.

ಕ್ಯಾಮೆರಾ ಕೊನೆಗೆ. 50 ಮೆಗಾಪಿಕ್ಸೆಲ್ ಅಂದರೂ ಹೆಚ್ಚಿನ ಫೋನ್‌ಗಳಲ್ಲಿ ಮಾಮೂಲಿ ಫೋಟೋ ಬರುವುದು 12.5ರಲ್ಲೇ. 2 ಮೆಗಾಪಿಕ್ಸೆಲ್‌ನ ಹೆಚ್ಚುವರಿ ಲೆನ್ಸ್‌ಗೆ ಬೆಲೆ ಕೊಡಬೇಡಿ. ಅಂಗಡಿಯ ಲೈಟಿನ ಕೆಳಗೆ ತೆಗೆದು ನೋಡಿದರೆ ಏನೂ ಗೊತ್ತಾಗದು, ಮೂಲೆಯ ಮಬ್ಬು ಬೆಳಕಲ್ಲಿ ನಡೆದಾಡುವವರ ಫೋಟೋ ತೆಗೆಯಿರಿ.

ದುಡ್ಡು ಕೊಡುವ ಮೊದಲು *#06# ಒತ್ತಿ. ಬರುವ ಐಎಂಇಐ ನಂಬರ್, ಅಂದರೆ ಫೋನಿನ ಗುರುತಿನ ಸಂಖ್ಯೆ, ಬಾಕ್ಸ್ ಮೇಲೂ ಬಿಲ್ ಮೇಲೂ ಒಂದೇ ಇರಬೇಕು. ಸೆಕೆಂಡ್ ಹ್ಯಾಂಡ್ ಆದರೆ ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದದ್ದು ಅಂತ ಬ್ಲಾಕ್ ಮಾಡಿಸಿದ್ದರೆ ಗೊತ್ತಾಗುತ್ತದೆ.

ಹಳೇ ಫೋನನ್ನು ಅವತ್ತೇ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ವಾಟ್ಸಾಪ್ ಪೂರ್ತಿ ಬಂದಿದೆಯಾ, ಬ್ಯಾಂಕ್ ಆ್ಯಪ್ ತೆರೆಯುತ್ತದೆಯಾ ಅಂತ ಒಂದು ವಾರ ನೋಡಿ, ಆಮೇಲೆ ಅಳಿಸಿ. ಅತ್ತೆ 256 ಜಿಬಿಯದೇ ತಗೊಂಡರು. ವಿಡಿಯೋ ಎಲ್ಲ ಹೊಸದಕ್ಕೆ ಬಂದಿದೆ ಅಂತ ನಾನು ಹೇಳಿದ್ದು ಸಾಲಲಿಲ್ಲ. ಅಂಗಡಿಯ ಸ್ಟೂಲ್ ಮೇಲೆ ಕೂತು, ಎರಡೂ ಫೋನ್ ಮಡಿಲಲ್ಲಿಟ್ಟುಕೊಂಡು, ಮೊಮ್ಮಗಳು ನಡೆದ ವಿಡಿಯೋ ಎರಡರಲ್ಲೂ ನೋಡಿದ ಮೇಲೇ ಹಳೆಯದನ್ನು ನನ್ನ ಕೈಗೆ ಕೊಟ್ಟರು.